ಎಲೆಯಲ್ಲಿ ಇಲ್ಲದ ಸಿಂಧೂರ

ಚನ್ನಪ್ಪ ಮಾಸ್ತರು ಹುಲಿಗೆಮ್ಮನಿಗೆ ಕೊಟ್ಟ ಎಲೆ ಅಡಿಕೆಯಲ್ಲಿ ಸಿಂಧೂರ ಇರಲಿಲ್ಲ. ಇತ್ತು ಎಂದು ಹೇಳಿದವಳು ನಾನು. ಕಣ್ಣಾರೆ ಕಂಡೆ ಎಂದೆ — ಕಂಡಿರಲಿಲ್ಲ. ಅವತ್ತಿನಿಂದ ಹುಲಿಗೆಮ್ಮ ಹಾಡಲಿಲ್ಲ. ಮಾಸ್ತರು ಕೂಡ್ಲಿಗಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ನಾನು ಮಾತ್ರ ಹಾಡಿದೆ, ಹಾಡಿ ಹೊಟ್ಟೆ ಹೊರೆದುಕೊಂಡೆ, ಶಾಲು ಹೊದಿಸಿಕೊಂಡೆ, ಈಗ ಪಿಂಚಣಿ ತಿನ್ನುತ್ತಿದ್ದೇನೆ.

ಇದನ್ನು ಮೊದಲಿಗೇ ಬರೆದುಬಿಟ್ಟೆ. ಇಲ್ಲದಿದ್ದರೆ ನನ್ನ ಬುದ್ಧಿ ನನಗೆ ಗೊತ್ತು — ಆಗ ನನಗಿನ್ನೂ ಹದಿನೇಳು, ತಿಳಿವಳಿಕೆ ಸಾಲದು, ಮನೆಯಲ್ಲಿ ಒತ್ತಾಯ, ಎಂದೆಲ್ಲ ಸುತ್ತು ಹಾಕುತ್ತ ಮೆಲ್ಲಗೆ ಜಾರಿಕೊಳ್ಳುತ್ತಿದ್ದೆ. ತಿಳಿವಳಿಕೆ ಇತ್ತು. ಬೇಕಾದಷ್ಟು ಇತ್ತು.

ಹಾಡುವವರಿಗೆ ಸಿಂಧೂರದ ಭಯ ಎಂಥದು ಎಂಬುದು ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಹನುಮಪ್ಪನ ಮೈಗೆ ಎಣ್ಣೆಯಲ್ಲಿ ಕಲಸಿ ಬಳಿಯುವ ಕೆಂಪು ಪುಡಿ ಅದು. ಚಿಟಿಕೆಯಷ್ಟು ಹೊಟ್ಟೆಗೆ ಹೋದರೂ ಸಾಕು, ಕಂಠ ಕಟ್ಟುತ್ತದೆ, ಮತ್ತೆ ಜನ್ಮದಲ್ಲಿ ಬಿಚ್ಚುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ನಾಟಕದ ಕಂಪನಿಗಳಲ್ಲಿ ಹುಟ್ಟಿದ ಭಯ. ಚೆನ್ನಾಗಿ ಹಾಡುವವನ ಎಲೆಯಲ್ಲಿ ಆಗದವರು ಸಿಂಧೂರ ಹಾಕಿ ತಿನ್ನಿಸಿದರಂತೆ, ಅವನು ಮರುದಿನ ರಂಗಕ್ಕೆ ಬಂದು ಬಾಯಿ ತೆರೆದರೆ ಬರೀ ಗಾಳಿ ಬಂತಂತೆ — ಇಂಥ ಕಥೆಗಳು ಊರೂರಿಗೆ ಒಂದೊಂದು. ನಮಗೆ ಇದನ್ನು ಹೇಳಿದವರು ಬೇರೆ ಯಾರೂ ಅಲ್ಲ, ಚನ್ನಪ್ಪ ಮಾಸ್ತರೇ. ಅವರು ಇದ್ದ ಕಂಪನಿಯಲ್ಲೇ ಒಬ್ಬ ನಟನಿಗೆ ಹಾಗಾಯಿತು ಎಂದು ಹೇಳಿ, ಅವನು ಕಡೆಗೆ ಟಿಕೆಟ್ ಹರಿಯುವ ಕೆಲಸಕ್ಕೆ ನಿಂತ ಎನ್ನುವಾಗ ಅವರ ಕಣ್ಣಲ್ಲಿ ನೀರಾಡುತ್ತಿತ್ತು. ನಾವು ಹುಡುಗಿಯರು ಗಂಟಲು ಮುಟ್ಟಿಕೊಂಡು ಕೂತಿದ್ದೆವು.

ಮಾಸ್ತರು ಹಡಗಲಿ ಕಡೆಯ ಹೊಳಲಿನವರು. ಕಂಪನಿ ಮುಚ್ಚಿದ ಮೇಲೆ ಒಂದು ಹಾರ್ಮೋನಿಯಂ ಹೊತ್ತುಕೊಂಡು ಕೂಡ್ಲಿಗಿಗೆ ಬಂದು, ನಮ್ಮ ಜೂನಿಯರ್ ಕಾಲೇಜಿನಲ್ಲಿ ವಾರಕ್ಕೆ ಮೂರು ದಿನ ಹಾಡು ಕಲಿಸುತ್ತಿದ್ದರು. ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷ ಆಗಿರಬೇಕು. ಸಮೂಹಗಾನದ ತಂಡ ಕಟ್ಟಿದರು — ಹನ್ನೆರಡು ಹುಡುಗಿಯರು, ನಾಲ್ಕು ಹುಡುಗರು. ಸ್ಪರ್ಧೆಗೆ ಕಳಿಸುವುದಕ್ಕೆ ಅಲ್ಲ. ಶನಿವಾರ ಕಾಲೇಜು ಬೆಳಗಿನ ಹೊತ್ತು ಮುಗಿಯುತ್ತಿತ್ತಲ್ಲ, ಅಲ್ಲಿಂದ ನಮ್ಮನ್ನು ಸಾಲಾಗಿ ತಾಲ್ಲೂಕು ಕಚೇರಿಯ ಮುಂದಿನ ಹುಣಸೆ ಮರದ ಕೆಳಗೆ ಕರೆದುಕೊಂಡು ಹೋಗುತ್ತಿದ್ದರು. ಕಚೇರಿಯವರು ಊಟಕ್ಕೆ ಬಿಡುವ ಹೊತ್ತು. ಪಹಣಿಗೆಂದು ಹಳ್ಳಿಯಿಂದ ಬಂದವರು, ಕೋರ್ಟಿಗೆ ಬಂದವರು, ಗುಮಾಸ್ತರು, ಜಟಕಾದವರು ಎಲ್ಲ ಅಲ್ಲೇ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಅವರ ಮುಂದೆ ನಮ್ಮ ಹಾಡು. ಚೀಟಿ ಇಲ್ಲ, ತಟ್ಟೆ ಇಲ್ಲ, ಪುಕ್ಕಟೆ. ಪ್ರಿನ್ಸಿಪಾಲರು ಯಾಕೆ ಇದೆಲ್ಲ ಎಂದು ಕೇಳಿದ್ದಕ್ಕೆ ಮಾಸ್ತರು ಕೊಟ್ಟ ಉತ್ತರ ನನಗೆ ಬಾಯಿಪಾಠ ಇದೆ.

"ಹಸದು ಕುಂತ ಮನಿಷಾ ಬುತ್ತಿ ಬಿಚ್ಚೋದು ಮರತು ಕೇಳಿದ್ನಂದ್ರ ಅದಕ್ಕ ಹಾಡು ಅಂತಾರ್ರಿ. ಉಂಡು ಮಲಗೋ ಮುಂದ ಕೇಳಿಸಿದ್ದನ್ನ ಹಾಡು ಅಂತ ಹೆಂಗ ಅನ್ನೋದು?"

ಬುತ್ತಿ ಬಿಚ್ಚುವುದನ್ನು ಮರೆಸುತ್ತಿದ್ದವಳು ಹುಲಿಗೆಮ್ಮ. ನಾನಲ್ಲ.

ಹುಲಿಗೆಮ್ಮ ಅದೇ ತಾಲ್ಲೂಕು ಕಚೇರಿಯ ಜವಾನ ದುರುಗಪ್ಪನ ಮಗಳು. ತೆಳ್ಳಗೆ ಕಪ್ಪಗೆ ಇದ್ದಳು, ಒಂದೇ ಲಂಗ ದಾವಣಿಯನ್ನು ಒಗೆದು ಒಗೆದು ಉಡುತ್ತಿದ್ದಳು, ಮಾತು ಕಡಿಮೆ. ಹಾಡಲು ನಿಂತರೆ ಮಾತ್ರ — ಏನು ಹೇಳಲಿ. ನಾನು ಇಷ್ಟು ವರ್ಷ ಸಂಗೀತ ಕಲಿಸಿದ್ದೇನೆ, ಎಷ್ಟೋ ಮಕ್ಕಳ ದನಿ ಕೇಳಿದ್ದೇನೆ, ಅಂಥದು ಮತ್ತೆ ಕಿವಿಗೆ ಬೀಳಲಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಅವಳ ಮುಖದಲ್ಲಿ ಒಂದು ಗೆರೆಯೂ ಕದಲುತ್ತಿರಲಿಲ್ಲ. ಮಗಳು ಹಾಡುವಾಗ ದುರುಗಪ್ಪ ಕಚೇರಿಯ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದ. ಸಾಹೇಬರು ಗಂಟೆ ಒತ್ತಿದರೂ ಹೋಗುತ್ತಿರಲಿಲ್ಲ.

ನಾವಿಬ್ಬರೂ ಗೆಳತಿಯರು — ಇದನ್ನೂ ಹೇಳಲೇಬೇಕು. ಒಂದೇ ಬೆಂಚಿನಲ್ಲಿ ಕೂಡುತ್ತಿದ್ದೆವು. ನನ್ನ ಮನೆಯ ಶೇಂಗಾದ ಹೋಳಿಗೆ ಅವಳಿಗೆ ಇಷ್ಟ, ಅವಳ ಮನೆಯ ಗುರೆಳ್ಳು ಚಟ್ನಿ ನನಗೆ. ಅವಳು ನನ್ನನ್ನು ಎಷ್ಟು ನಂಬಿದ್ದಳು ಎಂದರೆ, ನಾನು ಹೇಳಿದ್ದನ್ನು ತಿರುಗಿ ಕೇಳುತ್ತಲೇ ಇರಲಿಲ್ಲ. ಆ ನಂಬಿಕೆ ಇಲ್ಲದಿದ್ದರೆ ನನ್ನ ಸುಳ್ಳು ನಡೆಯುತ್ತಿರಲಿಲ್ಲ.

ನನ್ನ ಅಪ್ಪ ಶೇಂಗಾ ವ್ಯಾಪಾರಿ, ಊರಲ್ಲಿ ಸಾವ್ಕಾರ್ರು ಎನಿಸಿಕೊಂಡವರು. ಒಂದು ಶನಿವಾರ ಏನೋ ಕೆಲಸಕ್ಕೆ ಕಚೇರಿಗೆ ಬಂದವರು ನಮ್ಮ ಹಾಡು ಕೇಳಿದರು. ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತ, ನನ್ನ ಕಡೆ ನೋಡದೆ ಅಂದರು — "ಜವಾನನ ಮಗಳು ಮುಂದ ನಿಂತು ಹಾಡ್ತಾಳ, ನೀ ಹಿಂದ ನಿಂತು ಗೋಣು ಅಲ್ಲಾಡಿಸ್ತಿ. ಚಲೋ ಆತು ಬಿಡು."

ಅಷ್ಟೇ ಅಂದದ್ದು. ಅಪ್ಪನ ಮೇಲೆ ಹಾಕಿ ತಪ್ಪಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅವರು ಹೇಳುವ ಮೊದಲೇ ನನ್ನೊಳಗೆ ಅದು ಇತ್ತು. ಅವಳ ಜಾತಿ, ಅವರ ಕೇರಿ, ಆ ಒಗೆದ ಲಂಗ — ಅವಳ ಜೊತೆ ಕೂತು ತಿನ್ನುತ್ತಲೇ ಅವೆಲ್ಲ ನನ್ನ ತಲೆಯಲ್ಲಿ ಇದ್ದವು. ಹೊಟ್ಟೆಕಿಚ್ಚಿಗೆ ಒಂದು ಆಸರೆ ಬೇಕಿತ್ತು, ಅದು ಸಿಕ್ಕಿತು. ಛೀ ಎನಿಸುತ್ತದೆ ಬರೆಯುವಾಗ. ಆದರೂ ಬರೆಯಬೇಕು.

ಆ ವರ್ಷ ಬೇಸಿಗೆಗೆ ಮುಂಚೆ ಮಾಸ್ತರಿಗೆ ಧಾರವಾಡದಿಂದ ಒಬ್ಬ ಹಳೆಯ ಪರಿಚಯದವರು ಬರುವುದು ಗೊತ್ತಾಯಿತು. ಅಲ್ಲಿನ ಒಂದು ಸಂಗೀತ ಶಾಲೆಯಲ್ಲಿ ಕಲಿಸುವವರು. ಹಳ್ಳಿಗಾಡಿನ ಒಬ್ಬ ವಿದ್ಯಾರ್ಥಿಯನ್ನು ಆರಿಸಿ, ಊಟ ವಸತಿ ಕೊಟ್ಟು, ತಮ್ಮಲ್ಲಿಟ್ಟುಕೊಂಡು ಕಲಿಸುವವರಿದ್ದರು. ಶನಿವಾರ ಹುಣಸೆ ಮರದ ಕೆಳಗೇ ಬಂದು ಕೇಳುತ್ತೇನೆ ಎಂದಿದ್ದರು. ಮಾಸ್ತರು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಹುಲಿಗೆಮ್ಮನಿಗೆಂದೇ ಒಂದು ಸುಗ್ಗಿಯ ಪದ ಕಟ್ಟಿದರು. ಮೊದಲ ಸಾಲು ಅವಳು ಒಬ್ಬಳೇ ಎತ್ತಬೇಕು, ನಾವು ಹಿಂದಿನಿಂದ ಸೇರಬೇಕು. ಕಲಿಸುವಾಗ ನನಗೂ ಆ ಸಾಲು ಪೂರಾ ಬಂತು. ಬಾರದೆ ಏನು, ಪ್ರತಿ ದಿನ ಅವಳ ಪಕ್ಕದಲ್ಲೇ ನಿಲ್ಲುತ್ತಿದ್ದೆನಲ್ಲ.

ಧಾರವಾಡಕ್ಕೆ ಹೋಗಲಿಲ್ಲವೆಂದರೆ ನನಗೆ ಆಗುವ ನಷ್ಟವೇನೂ ಇರಲಿಲ್ಲ. ಮನೆಯಲ್ಲೇ ಮಾಸ್ತರನ್ನು ಇಟ್ಟು ಕಲಿಸುವಷ್ಟು ಅಪ್ಪನಿಗೆ ಅನುಕೂಲವಿತ್ತು. ಹುಲಿಗೆಮ್ಮನಿಗೆ ಅದೊಂದೇ ಬಾಗಿಲು. ಅದು ಮುಚ್ಚಿದರೆ ಮುಂದಿನ ವರ್ಷ ಮದುವೆ ಎಂದು ಅವರ ಮನೆಯಲ್ಲಿ ಮಾತಾಗಿತ್ತು, ಹುಡುಗನನ್ನೂ ನೋಡಿದ್ದರು. ಅವಳು ನನಗೊಬ್ಬಳಿಗೇ ಹೇಳಿದ್ದಳು. "ಹೆಂಗರ ಮಾಡಿ ಹೋಗಬೇಕಲೇ ಗಿರಿಜಾ" ಎಂದು ನನ್ನ ಕೈ ಹಿಡಿದುಕೊಂಡಿದ್ದಳು. ಎಲ್ಲ ಗೊತ್ತಿದ್ದೂ —

ಶನಿವಾರ ಬಂತು. ಮಾಸ್ತರದೊಂದು ಪದ್ಧತಿ ಇತ್ತು. ಮುಂದೆ ನಿಂತು ಹಾಡುವವರಿಗೆ, ಹಾಡುವುದಕ್ಕೆ ಸ್ವಲ್ಪ ಮೊದಲು, ತಮ್ಮ ಸಂಚಿ ಬಿಚ್ಚಿ ಒಂದು ಎಳೆಯ ವೀಳ್ಯದೆಲೆಯಲ್ಲಿ ಅಡಿಕೆ ಚೂರು, ಒಂದೆಸಳು ಗುಲಗಂಜಿ ಸೊಪ್ಪು ಇಟ್ಟು ಮಡಿಚಿ ಕೈಯಾರೆ ಕೊಡುತ್ತಿದ್ದರು. ಗುಲಗಂಜಿ ಸೊಪ್ಪು ಸಿಹಿ, ಗಂಟಲು ತಿಳಿಯಾಗುತ್ತದೆ. ಬೇರೆ ಯಾರಿಗೂ ಆ ಎಲೆ ಇಲ್ಲ. ನಾನು ಒಮ್ಮೆ ಕೇಳಿದ್ದೆ, "ನಿನ್ನ ಪಾಳಿ ಬರ್ಲಿ ತಾಯಿ, ಕೊಡ್ತೀನಿ" ಎಂದು ನಕ್ಕಿದ್ದರು. ಶನಿವಾರ ಬೆಳಿಗ್ಗೆ ಹನುಮಪ್ಪನ ಗುಡಿಗೆ ಹೋಗದೆ ಅವರು ನೀರೂ ಮುಟ್ಟುತ್ತಿರಲಿಲ್ಲ. ಹಣೆಗೆ ಸಿಂಧೂರ, ಹಚ್ಚಿಕೊಂಡ ಬೆರಳ ತುದಿಯಲ್ಲೂ ಸಿಂಧೂರ. ಎಣ್ಣೆಯಲ್ಲಿ ಕಲಸಿದ್ದು, ಒಂದು ಸಾರಿ ತೊಳೆದರೆ ಹೋಗುವುದಿಲ್ಲ.

ಆ ದಿನ ಜನ ಬಹಳ ಸೇರಿದ್ದರು. ಧಾರವಾಡದವರು ಕಚೇರಿಯ ಕುರ್ಚಿಯಲ್ಲಿ ಕೂತಿದ್ದರು, ಬಿಳಿ ಪಂಚೆ, ಕನ್ನಡಕ. ನಾವು ಸಾಲಾಗಿ ನಿಂತೆವು. ಹುಲಿಗೆಮ್ಮ ಎಲೆ ಅಗಿದು, ಅದರ ರಸ ನುಂಗಿ, ಮರದ ಹಿಂದೆ ಹೋಗಿ ಉಗುಳಿ ಬಂದು ನನ್ನ ಮುಂದೆ ನಿಂತಳು. ಮಾಸ್ತರು ಹಾರ್ಮೋನಿಯಂ ತಿದಿ ಎಳೆದು ಶ್ರುತಿ ಹಿಡಿದರು. ಆಗ ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ.

"ಲೇ ಹುಲಿಗಿ, ಆ ಎಲಿಯಾಗ ಸಿಂಧೂರ ಇತ್ತಲೇ. ನಾ ಕಣ್ಣಾರೆ ನೋಡೀನಿ."

ಅವಳು ತಿರುಗಿ ನನ್ನ ಮುಖ ನೋಡಿದಳು. ಯಾರು ಎಂದು ಕೇಳಲಿಲ್ಲ. ನಾನೂ ಹೆಸರು ಹೇಳಲಿಲ್ಲ — ಮಾಸ್ತರ ಬೆರಳುಗಳ ಕಡೆ ನೋಡಿದೆ, ಅಷ್ಟೆ. ಹಾರ್ಮೋನಿಯಂನ ಬಿಳಿ ಮನೆಗಳ ಮೇಲೆ ಆ ಕೆಂಪು ತುದಿಯ ಬೆರಳು. ಅವಳೂ ನೋಡಿದಳು.

ಮಾಸ್ತರು ತಲೆ ಆಡಿಸಿ ಸನ್ನೆ ಮಾಡಿದರು. ಅವಳು ಬಾಯಿ ತೆರೆದಳು. ಮೊದಲ ಅಕ್ಷರ ಬಂತು, ಎರಡನೆಯದಕ್ಕೆ ದನಿ ನಡುಗಿತು, ಆಮೇಲೆ ಏನೂ ಬರಲಿಲ್ಲ. ಕೆಮ್ಮಿದಳು. ಮತ್ತೆ ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿದ್ದು ಹಿಂದೆ ನಿಂತ ನನಗೂ ಕಾಣುತ್ತಿತ್ತು. ಗುಂಪಿನಲ್ಲಿ ಯಾರೋ "ಪಾಪ" ಎಂದರು. ಮಾಸ್ತರು ಶ್ರುತಿ ಬಿಡದೆ, ಎತ್ತು ತಾಯಿ, ಎತ್ತು ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

ಆ ಸಾಲನ್ನು ನಾನು ಎತ್ತಿಕೊಂಡೆ.

ಒಂದು ಹೆಜ್ಜೆ ಮುಂದೆ ಬಂದು, ಅವಳ ಹೆಗಲ ಮೇಲೆ ಕೈ ಇಟ್ಟು, ಪದ ಪೂರ್ತಿ ಹಾಡಿದೆ. ಚೆನ್ನಾಗಿಯೇ ಹಾಡಿದೆ. ಜನ ಚಪ್ಪಾಳೆ ಹೊಡೆದರು. ಗೆಳತಿಯ ಮಾನ ಉಳಿಸಿದಳು ನೋಡು ಎಂದು ಮುದುಕಿಯೊಬ್ಬಳು ನನಗೆ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಧಾರವಾಡದವರು ಎದ್ದು ಬಂದು ನನ್ನ ಹೆಸರು ಕೇಳಿದರು. ಆ ಹೆಗಲು ನನ್ನ ಕೈಯ ಕೆಳಗೆ ಗಡಗಡ ನಡುಗುತ್ತಿತ್ತು, ನಾನು ಕೈ ತೆಗೆಯಲಿಲ್ಲ.

ನಾನು ಅಂದುಕೊಂಡದ್ದು ಇಷ್ಟೇ — ಅವತ್ತೊಂದು ದಿನ ಹೆದರಲಿ, ತಪ್ಪಲಿ. ಆಮೇಲೆ ಸರಿಹೋಗುತ್ತದೆ. ಆದರೆ ಸರಿಹೋಗಲಿಲ್ಲ. ಮರುದಿನ ಮಾತೇ ಹೊರಡಲಿಲ್ಲವಂತೆ. ಜ್ಯೇಷ್ಠಮಧು ನೆಕ್ಕಿಸಿದರು, ಬಿಸಿ ತುಪ್ಪ ಕುಡಿಸಿದರು, ಮಂತ್ರಿಸಿದ ದಾರ ಕಟ್ಟಿದರು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಗಂಟಲೊಳಗೆ ಬ್ಯಾಟರಿ ಬಿಟ್ಟು ನೋಡಿ ಏನೂ ಆಗಿಲ್ಲ ಎಂದರು. ಡಾಕ್ಟರಿಗೆ ಸಿಂಧೂರದ ವಿಷಯ ಏನು ಗೊತ್ತು ಎಂದು ಕೇರಿಯವರು ಅಂದರು. ವಾರ ಕಳೆಯುವುದರೊಳಗೆ ಮಾತು ಬಂತು. ಹಾಡು ಬರಲಿಲ್ಲ. ಸ್ವರ ಹಿಡಿಯಲು ಹೋದರೆ ಗಂಟಲು ಬಿಗಿಯುತ್ತಿತ್ತು, ಬೆವರುತ್ತಿದ್ದಳು.

ಈಗ ಹೇಳಬೇಕಾದದ್ದು ಇದೆಯಲ್ಲ, ಇದನ್ನು ಎಷ್ಟೋ ವರ್ಷ ನಾನು ನನಗೇ ಹೇಳಿಕೊಂಡಿರಲಿಲ್ಲ. ಮರದ ಕೆಳಗೆ ಪಿಸುಗುಟ್ಟಿದ್ದು ಹೊಟ್ಟೆಕಿಚ್ಚಿನ ಕೆಲಸ, ಒಂದು ಗಳಿಗೆಯದು ಎಂದಾದರೂ ಅನ್ನಬಹುದು. ಇದು ಹಾಗಲ್ಲ.

ದುರುಗಪ್ಪ ನಮ್ಮ ಮನೆಗೆ ಬಂದ. ಬೆಳಗಿನ ಹೊತ್ತು, ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಅವನು ಕೆಳಗೆ ಅಂಗಳದಲ್ಲಿ ನಿಂತ, ತಲೆಯ ಟೋಪಿ ಕೈಯಲ್ಲಿ. ನನ್ನನ್ನು ಕರೆಸಿದರು.

"ಯವ್ವಾ ಗಿರಿಜವ್ವಾ, ನೀ ಕಣ್ಣಾರೆ ನೋಡೀದಿ ಅಂತ ನಮ್ಮ ಹುಡುಗಿ ಹೇಳ್ತಾಳ. ಖರೇನ ಏನವಾ? ಮಾಸ್ತರು ದೊಡ್ಡ ಮನಿಷಾ, ಸುಮ್ಮಸುಮ್ಮನ ಅವರ ಮ್ಯಾಲೆ ಹಾಕಬಾರ್ದು. ನೀ ಖರೇ ಅಂದ್ರ ಖರೇ. ಇಲ್ಲಂದ್ರ ಇಲ್ಲ. ನಾ ಮತ್ತ ಯಾರನ್ನೂ ಕೇಳಂಗಿಲ್ಲ."

ಅವನು ನನ್ನ ಕೈಗೇ ಕೊಟ್ಟುಬಿಟ್ಟಿದ್ದ ಎಲ್ಲವನ್ನೂ. ಇಲ್ಲ ಕಾಕಾ, ತಮಾಷೆಗೆ ಅಂದೆ — ಇಷ್ಟು ಸಾಕಿತ್ತು. ಬೈಯುತ್ತಿದ್ದ, ಇಲ್ಲವೆ ಅಳುತ್ತಿದ್ದ. ಮನೆಗೆ ಓಡಿಹೋಗಿ ಮಗಳಿಗೆ ಹೇಳುತ್ತಿದ್ದ. ಅವಳ ಗಂಟಲು ಅವತ್ತೇ ಬಿಚ್ಚುತ್ತಿತ್ತು. ಧಾರವಾಡದವರ ಒಪ್ಪಿಗೆ ಆಗಲೇ ನನ್ನ ಹೆಸರಿಗೆ ಬಂದಿತ್ತು. ಅಪ್ಪ ಮೀಸೆಯ ಮೇಲೆ ಕೈ ಆಡಿಸುತ್ತ ನನ್ನನ್ನೇ ನೋಡುತ್ತಿದ್ದರು.

"ಖರೇ ಐತಿ ಕಾಕಾ" ಎಂದೆ.

ಅವನು ಟೋಪಿ ಹಾಕಿಕೊಂಡು, ಅಪ್ಪನಿಗೆ ಕೈ ಮುಗಿದು ಹೋದ.

ಮುಂದಿನ ಶನಿವಾರ ಮಾಸ್ತರು ಎಂದಿನಂತೆ ನಮ್ಮನ್ನು ಮರದ ಕೆಳಗೆ ನಿಲ್ಲಿಸಿದರು. ಹುಲಿಗೆಮ್ಮ ಬಂದಿರಲಿಲ್ಲ. ಹಾರ್ಮೋನಿಯಂ ತೆಗೆಯುತ್ತಿದ್ದಂತೆ ದುರುಗಪ್ಪ ಕಂಬ ಬಿಟ್ಟು ನೇರ ಬಂದು ಅವರ ಅಂಗಿಯ ಕೊರಳಪಟ್ಟಿ ಹಿಡಿದ. ಎಂದೂ ಯಾರಿಗೂ ಎದುರು ಮಾತಾಡದ ಮನುಷ್ಯ. ಕಪಾಳಕ್ಕೆ ಹೊಡೆದ. ಬುತ್ತಿ ಬಿಚ್ಚಿ ಕೂತಿದ್ದವರೆಲ್ಲ ಎದ್ದು ಬಂದರು. ಯಾಕೆ ಮಾಡಿದರು, ಏನು ಲಾಭ ಎಂದು ಒಬ್ಬರೂ ಕೇಳಲಿಲ್ಲ. ಕಂಪನಿ ಮಂದಿ ಬುದ್ಧಿ ಎಲ್ಲಿ ಹೋಗ್ತದ ಎಂದರು, ಅಷ್ಟಕ್ಕೇ ಮುಗಿಯಿತು. ಒಬ್ಬ ಉಗುಳಿದ. ಅದನ್ನು ನೋಡಿ ಇನ್ನೊಬ್ಬ.

ಮಾಸ್ತರು ಕೆನ್ನೆ ಒರೆಸಿಕೊಳ್ಳಲಿಲ್ಲ. "ದುರುಗಪ್ಪಾ, ನನ್ನ ಮಗಳ ಆಣಿ ಮಾಡಿ ಹೇಳ್ತೀನಿ, ನಾ ಹಾಕಿಲ್ಲಪಾ. ಆ ಕೂಸಿನ ಕಂಠಕ್ಕ ನಾ ವಿಷ ಹಾಕ್ತೀನೇನು?" ಎಂದವರು ನಮ್ಮ ಕಡೆ ತಿರುಗಿದರು. "ಯಾರು ನೋಡೀರಿ? ಹೇಳ್ರವಾ. ಯಾರು ನೋಡಿದ್ದು?"

ದುರುಗಪ್ಪ ನನ್ನ ಹೆಸರು ಹೇಳಲಿಲ್ಲ. ಸಾವ್ಕಾರ್ರ ಮಗಳ ಹೆಸರು ಬೀದಿಗೆ ತರಬಾರದೆಂಬ ಮರ್ಯಾದೆ ಅವನಿಗೆ ಇತ್ತು. ನಾನು ಎರಡನೆಯ ಸಾಲಿನಲ್ಲಿ ನಿಂತಿದ್ದೆ. ಮಾಸ್ತರ ಕಣ್ಣು ಒಬ್ಬೊಬ್ಬರ ಮುಖದ ಮೇಲೂ ನಿಂತು ಮುಂದೆ ಹೋಯಿತು, ನನ್ನ ಮೇಲೂ ನಿಂತಿತು. ನನ್ನ ಮೇಲೆ ಅವರಿಗೆ ಅನುಮಾನ ಬರಲೇ ಇಲ್ಲ. ಮುಂದಕ್ಕೆ ಹೋಯಿತು.

ಕಾಲೇಜಿನವರು ಅವರನ್ನು ಬರಬೇಡಿ ಎಂದರು. ತಂಡ ಮುರಿಯಿತು. ಆ ಬೇಸಿಗೆಯಲ್ಲೇ ಅವರು ಹೆಂಡತಿ, ಸಣ್ಣ ಮಗಳನ್ನು ಕರೆದುಕೊಂಡು ಹೊಳಲಿಗೆ ಹೋದರು. ಕೆಲವು ವರ್ಷಗಳಲ್ಲಿ ತೀರಿಕೊಂಡರಂತೆ. ಹಾರ್ಮೋನಿಯಂ ಮುಟ್ಟುತ್ತಿರಲಿಲ್ಲ, ಮನೆಯ ಮುಂದೆ ಯಾರಾದರೂ ಹಾಡುತ್ತ ಹೋದರೆ ಒಳಗೆ ಎದ್ದು ಹೋಗುತ್ತಿದ್ದರು ಎಂದು ಆ ಕಡೆಯಿಂದ ಬಂದವರು ಹೇಳಿದರು. ನಾನು ಆಗ ಧಾರವಾಡದಲ್ಲಿ ತಂಬೂರಿ ಮೀಟುತ್ತಿದ್ದೆ.

ಆಮೇಲಿನದು ಎಲ್ಲರ ಬದುಕಿನ ಹಾಗೆ. ಕಲಿತೆ, ಹರಪನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಸಂಗೀತದ ಟೀಚರ್ ಆದೆ, ಮದುವೆ, ಮಕ್ಕಳು. ಹುಲಿಗೆಮ್ಮನಿಗೂ ಮದುವೆಯಾಯಿತು, ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು ಎಂದು ಕೇಳಿದ್ದೆ. ಮಕ್ಕಳಿಗೆ ಹಾಡು ಹೇಳಿಕೊಡಬೇಕಾದಾಗ ಅವಳು ಚಪ್ಪಾಳೆ ತಟ್ಟುತ್ತ ಬರೀ ಮಾತಿನಲ್ಲಿ ಹೇಳುತ್ತಿದ್ದಳಂತೆ, ಮಕ್ಕಳೇ ರಾಗ ಹಾಕಿಕೊಳ್ಳುತ್ತಿದ್ದವಂತೆ. ಕೇಳಿದ ದಿನ ಊಟ ಸೇರಲಿಲ್ಲ. ಮರುದಿನ ಸೇರಿತು. ಹಾಗೆಯೇ ನಡೆದುಕೊಂಡು ಬಂದೆ.

ನಾನು ನಿವೃತ್ತಳಾದ ದಿನ ಶಾಲೆಯಲ್ಲಿ ಸನ್ಮಾನ ಇತ್ತು. ಹೆಡ್‌ಮಾಸ್ತರರು ಮಾತಾಡುತ್ತ, ಗಿರಿಜಾ ಟೀಚರು ಹುಡುಗಿಯಾಗಿದ್ದಾಗ ಗೆಳತಿಯ ದನಿ ಕೈಕೊಟ್ಟಾಗ ಅವಳ ಹೆಗಲ ಮೇಲೆ ಕೈ ಇಟ್ಟು ಹಾಡು ಮುಗಿಸಿ ಮಾನ ಕಾಪಾಡಿದವರು ಎಂದು ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅವರಿಗೆ ಆ ಕಥೆ ಹೇಳಿದವಳು ನಾನೇ. ಎಷ್ಟು ಸಾರಿ ಎಷ್ಟು ಮಂದಿಗೆ ಹೇಳಿದ್ದೆನೋ. ಹೇಳಿ ಹೇಳಿ ನನಗೇ ಅದು ನಿಜ ಅನಿಸತೊಡಗಿತ್ತು. ವೇದಿಕೆಯ ಮೇಲೆ ಕೂತು, ಕೊರಳಲ್ಲಿ ಹಾರ ಹಾಕಿಕೊಂಡು, ನನ್ನ ಸುಳ್ಳು ಬೇರೆಯವರ ಬಾಯಲ್ಲಿ ಬರುವುದನ್ನು ಕೇಳಿದೆ. ಇವಳೆಂಥ ಹೆಂಗಸು ಎನಿಸಿತು. ನನ್ನ ಬಗ್ಗೆಯೇ.

ಆದರೂ ಕೂಡ್ಲಿಗಿಗೆ ಹೋಗಲು ಇನ್ನೂ ಕೆಲವು ವರ್ಷ ಬೇಕಾದವು. ಮೊಣಕಾಲು ನೋವು, ಮಗಳ ಬಾಣಂತನ, ಬಿಸಿಲು — ಕಾರಣಗಳಿಗೇನು ಬರ. ಈ ಸಾರಿ ಚಳಿಗಾಲ ಮುಗಿಯುತ್ತಿದ್ದ ಹಾಗೆ ಹೋದೆ.

ಹುಲಿಗೆಮ್ಮ ಮನೆಯ ಮುಂದೆ ಕೂತು ಹುಣಸೆ ಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿದೆ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಮಗನ ಬ್ಯಾಂಕ್ ಕೆಲಸದ ಫೋಟೋ. ನನ್ನನ್ನು ಗುರುತು ಹಿಡಿಯಲು ತಡವಾಯಿತು. ಹಿಡಿದ ಮೇಲೆ, "ಯವ್ವಾ, ಗಿರಿಜಾ! ಬಾರವಾ, ಎಷ್ಟು ವರ್ಷಾತು. ಕುಂದ್ರು" ಎಂದು ಚಾಪೆ ಸರಿಸಿದಳು. ಅಷ್ಟು ಪ್ರೀತಿಯಿಂದ ಅಂದಳು. ನಾನು ಚಹಾ ಬೇಡ ಎಂದೆ. ಕೂತ ಕೂಡಲೇ ಹೇಳಿಬಿಟ್ಟೆ. ಎಲೆಯಲ್ಲಿ ಸಿಂಧೂರ ಇರಲಿಲ್ಲ, ನಾನು ನೋಡಿರಲಿಲ್ಲ, ನಿನ್ನ ಜಾಗ ನನಗೆ ಬೇಕಿತ್ತು ಎಂದೆ.

ಅವಳು ಬೀಜ ಬಿಡಿಸುತ್ತಲೇ ಇದ್ದಳು.

"ಇರ್ಲಿ ಬಿಡವಾ" ಎಂದಳು. "ಸತ್ತ ಮನಿಷಾನ ಹೆಸರು ಉಳಿಸಾಕ ನಿನ್ನ ಮ್ಯಾಲೆ ಹಾಕ್ಕೊಬ್ಯಾಡ. ಸಿಂಧೂರ ನನ್ನ ನಾಲಿಗಿಗೆ ಗೊತ್ತಾಗೇತಿ. ಈಗೂ ಒಮ್ಮೊಮ್ಮೆ ಬಾಯಾಗ ಆ ರುಚಿ ಬರ್ತದ."

ನಾನು ಇದಕ್ಕೆ ತಯಾರಾಗಿ ಬಂದಿರಲಿಲ್ಲ. ಬೈಯುತ್ತಾಳೆ, ಹೊಡೆಯುತ್ತಾಳೆ, ಅಳುತ್ತಾಳೆ ಎಂದೆಲ್ಲ ಬಸ್ಸಿನಲ್ಲಿ ಯೋಚಿಸಿದ್ದೆ. ನಂಬುವುದೇ ಇಲ್ಲ ಎಂದು ಯೋಚಿಸಿರಲಿಲ್ಲ. ನನ್ನ ಒಂದು ಮಾತು ಅವಳ ನಾಲಿಗೆಯ ಮೇಲೆ ಇಷ್ಟು ವರ್ಷ ಕೂತಿತ್ತು. ನಾನು ಮಕ್ಕಳ ಆಣೆ ಇಟ್ಟೆ. ಅಪ್ಪ ಅಂದ ಮಾತು, ಮಾಸ್ತರ ಬೆರಳು, ದುರುಗಪ್ಪ ಅಂಗಳದಲ್ಲಿ ನಿಂತು ಕೇಳಿದ್ದು, ನಾನು ಕೊಟ್ಟ ಉತ್ತರ, ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದೆ. ದುರುಗಪ್ಪನ ಹೆಸರು ಬಂದಾಗ ಅವಳ ಕೈ ನಿಂತಿತು.

"ನಮ್ಮಪ್ಪ ನಿಮ್ಮ ಮನಿಗೆ ಬಂದಿದ್ನಾ?"

"ಬಂದಿದ್ದ."

"ಕೇಳಿದ್ನಾ ನಿನ್ನ?"

ಕೇಳಿದ್ದ ಎಂದೆ.

ಹಾಡಿನ ಬಗ್ಗೆ ಕೇಳುತ್ತಾಳೆ ಎಂದುಕೊಂಡೆ — ಧಾರವಾಡ, ಆ ಬಾಗಿಲು, ಅವಳು ಆಗಬಹುದಾಗಿದ್ದ ಎಲ್ಲ. ಅದೊಂದನ್ನೂ ಕೇಳಲಿಲ್ಲ.

"ಊರು ಬಿಡೋ ಮುಂದ ಮಾಸ್ತರು ನಮ್ಮ ಮನಿಗೆ ಬಂದಿದ್ರು ಗಿರಿಜಾ. ನಿನಗ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಅಪ್ಪ ಇದ್ದಿಲ್ಲ. ಹೊಚ್ಚಲ ಹೊರಗ ನಿಂತು ಕೈ ಮುಗದ್ರು. ಒಂದು ಸಾರಿ ಸಾ ಹಚ್ಚು ತಾಯಿ, ನಿನ್ನ ಕಂಠಕ್ಕ ಏನೂ ಆಗಿಲ್ಲ, ನಾ ಶ್ರುತಿ ಹಿಡೀತೀನಿ, ಒಂದ ಸಾರಿ ಹಚ್ಚು ಅಂದ್ರು." ಅವಳ ದನಿ ಒಡೆಯಿತು. "ನಾ ಅವರ ಮಾರಿ ಮ್ಯಾಲೆ ಉಗುಳಿ ಬಾಗ್ಲಾ ಹಾಕ್ಕೊಂಡೆ."

ಆಮೇಲೆ ಅತ್ತ ಅಳು ಇದೆಯಲ್ಲ. ಬಾಯಿಗೆ ಸೆರಗು ತುರುಕಿಕೊಂಡು, ಬೆನ್ನು ಬಗ್ಗಿಸಿ. ನಾನು ಮುಟ್ಟಲು ಕೈ ಚಾಚಿದೆ. "ಮುಟ್ಟಬ್ಯಾಡ" ಎಂದಳು. ಅವಳ ಹಾಡು ಕಸಿದೆ ಎಂದಷ್ಟೇ ನಾನು ಇಷ್ಟು ವರ್ಷ ಲೆಕ್ಕ ಹಾಕಿದ್ದೆ. ಅವಳ ಕೈಯಿಂದ ಮಾಸ್ತರ ಮುಖಕ್ಕೆ ಬಾಗಿಲು ಹಾಕಿಸಿದ್ದೂ ನಾನೇ ಎಂದು ಅಲ್ಲಿ ಕೂತಾಗ ತಿಳಿಯಿತು. ಅವಳಿಗೆ ಗಂಟಲು ಕೊಟ್ಟು ಬೆಳೆಸಿದ ಮನುಷ್ಯನಿಗೆ ಅವಳೇ —

ಕಣ್ಣು ಒರೆಸಿಕೊಂಡು ಎದ್ದಳು. "ಮಾಸ್ತರ ಮಗಳು ನೀಲಮ್ಮ ಹೊಳಲಾಗ ಅದಾಳ. ಟೇಲರಿಂಗ್ ಮಾಡ್ತಾಳ. ಆಕಿಗೆ ಹೇಳೀಯೇನು?"

"ಇಲ್ಲ."

"ನಡಿ."

ಅಂದೇ ಹೋದೆವು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಹಡಗಲಿಯಲ್ಲಿ ಮತ್ತೆ ಬದಲಿಸಿ. ಪ್ರತಿ ಬಸ್ಸಿನಲ್ಲೂ ಅವಳು ಮುಂದಿನ ಸೀಟಿನಲ್ಲಿ ಕೂತು, ಪಕ್ಕದ ಜಾಗದಲ್ಲಿ ತನ್ನ ಕೈಚೀಲ ಇಟ್ಟುಕೊಂಡಳು. ನಾನು ಹಿಂದೆ ಕೂತೆ.

ನೀಲಮ್ಮ ಮಷೀನಿನ ಮುಂದೆ ಇದ್ದಳು. ಅಪ್ಪನದೇ ಮುಖ. ನಾನು ನಿಂತುಕೊಂಡೇ ಹೇಳಿದೆ. ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ಸೇರಿದರು, ಅವರ ಮುಂದೆಯೇ ಹೇಳಿದೆ. ಎಲ್ಲ ಕೇಳಿಸಿಕೊಂಡ ಮೇಲೆ ನೀಲಮ್ಮ ಬಹಳ ಮೆಲ್ಲಗೆ ಮಾತಾಡಿದಳು. "ನಮ್ಮವ್ವ ಸಾಯೋತನಕ ಕೇಳಿದ್ಲು, ಖರೇ ಹೇಳು, ನೀ ಹಾಕೀದಿ ಏನು ಅಂತ. ಆಕಿಗೂ ಅನುಮಾನ ಹೋಗಲಿಲ್ಲ. ನಮ್ಮಪ್ಪ ಒಬ್ಬನ ಇಲ್ಲ ಇಲ್ಲ ಅಂತ ಹೇಳ್ಕೊಂತ ಸತ್ತ." ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಎಂದರೂ ಸರಿ, ಕೇಳುವ ಹಕ್ಕು ಇಲ್ಲ ಎಂದು ಗೊತ್ತಿತ್ತು ಎಂದರೂ ಸರಿ.

"ಬರದು ಅಚ್ಚು ಹಾಕಸ್ರಿ" ಎಂದಳು. "ನಮ್ಮಪ್ಪನ ಹೆಸರು ಹಾಕ್ರಿ, ನಿಮ್ಮ ಹೆಸರೂ ಹಾಕ್ರಿ. ಕೂಡ್ಲಿಗ್ಯಾಗ ಉಗುಳಿದೋರು ಯಾರರ ಇನ್ನಾ ಬದುಕಿದ್ರ ಓದ್ಲಿ."

ಹಾಗಾಗಿ ಬರೆದಿದ್ದೇನೆ. ಯಾವ ಹೆಸರನ್ನೂ ಬಿಟ್ಟಿಲ್ಲ, ನನ್ನದನ್ನೂ. ಅಂಗಳದಲ್ಲಿ ಟೋಪಿ ಹಿಡಿದು ನಿಂತವನಿಗೆ ನಾನು ಹೇಳಿದ್ದನ್ನೂ ಬಿಟ್ಟಿಲ್ಲ. ಆವತ್ತು ಮರದ ಕೆಳಗೆ ಇದ್ದವರು ಯಾರಾದರೂ ಇದನ್ನು ಓದಿದರೆ, ಚನ್ನಪ್ಪ ಮಾಸ್ತರು ಹೇಳಿದ್ದು ನಿಜ ಎಂದು ನಾಲ್ಕು ಜನರಿಗೆ ಹೇಳಬೇಕು. ನನ್ನ ಬಗ್ಗೆ ಏನು ಬೇಕಾದರೂ ಹೇಳಲಿ.

ಅವತ್ತು ಹೊಳಲಿನಲ್ಲಿ, ಅಷ್ಟು ಹೇಳಿದ ಮೇಲೆ ನೀಲಮ್ಮ ಹುಲಿಗೆಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಳಗಿನಿಂದ ಇಬ್ಬರ ಅಳುವೂ ಕೇಳುತ್ತಿತ್ತು. ನನಗೆ ಯಾರೂ ಕೂತುಕೋ ಎನ್ನಲಿಲ್ಲ. ಸ್ವಲ್ಪ ಹೊತ್ತು ಬಾಗಿಲ ಹೊರಗೆ ನಿಂತಿದ್ದು, ಬಸ್ ನಿಲ್ದಾಣದ ಕಡೆ ಒಬ್ಬಳೇ ನಡೆದೆ.